ಕಾಮಾಲೆ ಕಣ್ಣಿಗೆ ಮೆಟಾಲಿಕಾ

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುವ ಗಾದೆ ಶುದ್ಧ ಸುಳ್ಳು. ಸ್ವಾನುಭವದಿಂದ ಹೇಳುತ್ತಿದ್ದೇನೆ. 2011ರ ಅಕ್ಟೋಬರಿನಲ್ಲಿ ನನ್ನ ಕಣ್ಣು ಅರಿಸಿನದ ಕೊಂಬಿನ ಬಣ್ಣಕ್ಕೆ ತಿರುಗಿತ್ತು. ಆದರೂ ನನ್ನ ತಟ್ಟೆಯ ಗಂಜಿ ಬೆಳ್ಳಗೇ ಇತ್ತು, ದೀಪಾವಳಿಗೆ ಮನೆಯವರೆಲ್ಲ ನನ್ನೆದುರೇ ಮುರಿದು ತಿಂದ ಕಜ್ಜಾಯ ಕಂದಗೇ ಇತ್ತು. ಕಾಣುವುದಕ್ಕೇನೂ ಕೊರತೆಯಿರಲಿಲ್ಲ, ತಿನ್ನುವ ಹಾಗಿರಲಿಲ್ಲ ಅಷ್ಟೇ.

ಕಾಮಾಲೆ ಬಂದವನಿಗೆ ಬೀದಿಯೆಲ್ಲ ವೈದ್ಯರೇ. ಎದುರುಮನೆಯವರು ನೆಲನೆಲ್ಲಿ ಬೇರುಸಹಿತ ಕಿತ್ತು ತಂದರು. ಹಿಂದಿನ ಮನೆಯ ಅಜ್ಜಿ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹೋದರೆ ಸಂಜೆಗೆ ಇಳಿಸಿ ಕಳಿಸುವ ಪಂಡಿತರ ವಿಳಾಸ ಕೊಟ್ಟರು. ಅಮ್ಮ ಮಾತ್ರ ಮೂಲಕ್ಕೇ ಕೈ ಹಾಕಿದಳು: "ಆ ಗಾಡಿಯ ಪಾನಿಪೂರಿ ಬೇಡ ಅಂತ ಬಡ್ಕೊಂಡೆ." 1ರ ಆಸುಪಾಸಿನಲ್ಲಿರಬೇಕಾದ ಬಿಲಿರುಬಿನ್ ನನ್ನಲ್ಲಿ 9 ದಾಟಿತ್ತು. ಪರೀಕ್ಷೆಯಲ್ಲಿ ಎಂದೂ ನಿರೀಕ್ಷೆಗಿಂತ ಹೆಚ್ಚು ಅಂಕ ಪಡೆಯದವನು ನಾನು.

ಇಷ್ಟಾಗಿದ್ದರೆ ಹೊದ್ದು ಮಲಗುತ್ತಿದ್ದೆ. ಆದರೆ ಅದೇ ತಿಂಗಳ 30ರ ಭಾನುವಾರ ಬೆಂಗಳೂರಿನ ಅರಮನೆ ಮೈದಾನಕ್ಕೆ ಹೆವಿ ಮೆಟಲ್ ತಂಡ ಮೆಟಾಲಿಕಾ ಬರುವುದಿತ್ತು. ಕಾಲೇಜಿನ ದಿನಗಳಲ್ಲಿ ಅವರ 1991ರ ಕಪ್ಪು ಹೊದಿಕೆಯ ಕ್ಯಾಸೆಟ್ಟನ್ನು ಎಷ್ಟು ತಿರುಗಿಸಿದ್ದೆನೆಂದರೆ, ಟೇಪು ಸಿಕ್ಕಿಕೊಂಡು ಪೆನ್ಸಿಲ್ ತೂರಿಸಿ ಸುತ್ತುವುದರಲ್ಲೇ ನನ್ನ ಒಂದು ಸೆಮಿಸ್ಟರ್ ಕಳೆದಿತ್ತು. ಇಪ್ಪತ್ತು ವರ್ಷ ಕಾದವನಿಗೆ ಇಪ್ಪತ್ತು ದಿನ ಹಾಸಿಗೆ ಬಿಟ್ಟೇಳಬೇಡಿ ಅಂದರೆ ಹೇಗೆ?

ಡಾಕ್ಟರಿಗೆ ನಾನು ಸುಳ್ಳು ಹೇಳಲಿಲ್ಲ. "ಭಾನುವಾರ ಒಂದು ಕಛೇರಿ ಇದೆ ಸಾರ್, ಹೋಗಬಹುದಾ?" ಎಂದೆ. ಅವರ ಮನಸ್ಸಿನಲ್ಲಿ ತಂಬೂರಿ, ಜಮಖಾನೆ ಎಲ್ಲ ಬಂದುಹೋಗಿರಬೇಕು. "ಕೂತು ಕೇಳೋದು ತಾನೆ? ಫ್ಯಾನಿನ ಕೆಳಗೆ ಜಾಗ ನೋಡ್ಕೊಳ್ಳಿ, ಕ್ಯಾಂಟೀನ್ ಕಡೆ ಮಾತ್ರ ಹೋಗ್ಬೇಡಿ" ಎಂದರು. ಶುಕ್ರವಾರ ಗುರುಗಾಂವ್‌ನಲ್ಲಿ ಕಾರ್ಯಕ್ರಮ ರದ್ದಾಗಿ ಜನ ವೇದಿಕೆಗೇ ನುಗ್ಗಿದರೆಂಬ ಸುದ್ದಿ ಬಂತು. ನಮ್ಮಲ್ಲೂ ರದ್ದಾದರೆ ಪಿತ್ತಕೋಶಕ್ಕೆ ಒಳ್ಳೆಯದು ಎಂದು ಒಂದು ಕ್ಷಣ ಅನ್ನಿಸಿದ್ದನ್ನು ನಿಮ್ಮಲ್ಲಿ ಮುಚ್ಚಿಡಲಾರೆ.

ರದ್ದಾಗಲಿಲ್ಲ. "ಗಂಗಾನಗರದ ಸರ್ಕಲ್‌ವರೆಗೆ ಗಾಳಿಗೆ ಹೋಗಿಬರ್ತೀವಿ" ಎಂದು ಅಮ್ಮನಿಗೆ ಹೇಳಿ ಭಾವಮೈದುನ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡ. ಮೈದಾನವೋ ನಾಟಿಗೆ ಹದಮಾಡಿದ ಗದ್ದೆ. ಕೆಸರಿನಲ್ಲಿ ಒಂದು ಚಪ್ಪಲಿಯನ್ನು ಆರಂಭಕ್ಕೆ ಮೊದಲೇ ಅರ್ಪಿಸಿದೆ. ಸುತ್ತ ಸಾವಿರಾರು ಕಪ್ಪು ಬನಿಯನ್ನುಗಳು. ನಡುವೆ ಮಫ್ಲರ್ ಸುತ್ತಿದ ನಾನು, ಅಯ್ಯಪ್ಪ ಮಾಲೆ ಹಾಕಿದವರ ಬಸ್ಸಿಗೆ ತಪ್ಪಿ ಹತ್ತಿದ ಮದುವೆ ದಿಬ್ಬಣದ ಮುದುಕನ ಹಾಗೆ. ಪಕ್ಕದ ಉದ್ದಗೂದಲ ಹುಡುಗ ಲೈಟಿನ ಬೆಳಕಿನಲ್ಲಿ ನನ್ನ ಮುಖವನ್ನೇ ದಿಟ್ಟಿಸಿದ. ಈಗ ಗುಟ್ಟು ರಟ್ಟಾಯಿತು ಅಂದುಕೊಂಡೆ.

"ಗುರು, ಲೆನ್ಸು ಸಖತ್ತಾಗಿದೆ! ಎಲ್ಲಿ ತಗೊಂಡ್ರಿ?"

"ಪಾನಿಪೂರಿ ಗಾಡಿಯಲ್ಲಿ" ಎಂದೆ. ಅವನು ಭಾರಿ ಗೌರವದಿಂದ ನನಗೆ ಜಾಗ ಬಿಟ್ಟುಕೊಟ್ಟ.

ಕಾರ್ಯಕ್ರಮಕ್ಕೆ ಮುನ್ನ ಅವರು ಹಳೆಯ ಕೌಬಾಯ್ ಚಿತ್ರವೊಂದರ ಮೊರಿಕೋನೆಯ ಸಂಗೀತ ಹಾಕುವುದು ರೂಢಿ. ಅದು ಕೇಳಿದ್ದೇ ಮೈ ಜುಮ್ಮೆಂದಿತು. ಜ್ವರವೋ ಭಕ್ತಿಯೋ ತಿಳಿಯಲಿಲ್ಲ. ಆಮೇಲೆ ಡ್ರಮ್ಮಿನ ಒಂದೊಂದು ಏಟೂ ನೇರ ಬಲಪಕ್ಕೆಯ ಕೆಳಗೆ ಬೀಳತೊಡಗಿತು. ಉಳಿದವರು ಕಿವಿಯಿಂದ ಕೇಳುತ್ತಿದ್ದರು, ನಾನು ಪಿತ್ತಕೋಶದಿಂದ. ತಲೆಯಾಡಿಸುವುದಂತೂ ದೂರದ ಮಾತು. ತಲೆ ತಾನಾಗಿಯೇ ಸುತ್ತುತ್ತಿತ್ತು.

ನಾನು ಇಪ್ಪತ್ತು ವರ್ಷ ಕಾದದ್ದು ನಿಜಕ್ಕೂ ಒಂದೇ ಹಾಡಿಗೆ: 'ನಥಿಂಗ್ ಎಲ್ಸ್ ಮ್ಯಾಟರ್ಸ್'. ತಂಡದ ಗಾಯಕ ಹೆಟ್‌ಫೀಲ್ಡ್ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಲ್ಲಿ ಬಿಡಿ ತಂತಿಗಳನ್ನು ಸುಮ್ಮನೆ ಮೀಟುತ್ತಿದ್ದಾಗ ಹುಟ್ಟಿದ್ದಂತೆ ಅದು. ಆ ಹಾಡು ಶುರುವಾಗುವ ಸ್ವಲ್ಪ ಮುಂಚೆ ನನಗೆ ಕಣ್ಣು ಕತ್ತಲಿಟ್ಟಿತು. ಎಚ್ಚರವಾದಾಗ ಪ್ರಥಮ ಚಿಕಿತ್ಸೆಯ ಡೇರೆಯಲ್ಲಿ ಮಲಗಿದ್ದೆ. ಭಾವಮೈದುನ ಗ್ಲೂಕೋಸ್ ಕಲಸುತ್ತಿದ್ದ, ಹಾಡು ಮುಗಿದಿತ್ತು.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಇದ್ದಳು. ಕೆಸರಿನ ಕಾಲು ನೋಡಿದಳು, ಒಂಟಿ ಚಪ್ಪಲಿ ನೋಡಿದಳು, ಕಷಾಯದ ಲೋಟ ಕೈಗಿಟ್ಟಳು.

"ಬಟ್ಟೆ ತರೋಕೆ ತಾರಸಿಗೆ ಹೋಗಿದ್ದೆ ಕಣೋ, ಎಲ್ಲಾ ಇಲ್ಲಿಗೇ ಕೇಳಿಸ್ತು. ಏನು ಅರಚಾಟ! ಆದ್ರೆ ಕೊನೇಲಿ ಒಂದು ಮೆಲ್ಲಗೆ ಶುರು ಮಾಡಿದ್ರಲ್ಲ, ಬರೀ ತಂತಿ ಮೀಟ್ಕೊಂಡು? ಅದು ಚೆನ್ನಾಗಿತ್ತು. ಬಟ್ಟೆ ಅಲ್ಲೇ ಬಿಟ್ಟು ಪೂರ್ತಿ ಕೇಳಿಸ್ಕೊಂಡು ಬಂದೆ."