ಹರಕೆಯ ಕೂಸಿನ ಉತ್ತರಮೀಮಾಂಸೆ

ವಿಷಯನಿರೂಪಣೆ: ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಗಂಗಮ್ಮನ ಕೊಳವಿದೆ. ಮಕ್ಕಳಿಲ್ಲದ ದಂಪತಿ ಅಲ್ಲಿ ಬೇಡಿಕೊಂಡರೆ ತೆಂಗಿನಕಾಯಿಯೋ ಬಾಳೆಹಣ್ಣೋ ತೊಟ್ಟಿಲೋ ತೇಲಿಬರುತ್ತದೆಂದು ನಂಬಿಕೆ. ಇದು ಪೂರ್ವಮೀಮಾಂಸೆ, ನಮ್ಮ ತಕರಾರಿಲ್ಲ. ಆದರೆ ತೊಟ್ಟಿಲೊಳಗಿನ ಜೀವಕ್ಕೆ ಕಾಲು ಬಂದ ಮೇಲೇನು? ಇಲ್ಲಿ ಪೂರ್ವಾಚಾರ್ಯರು ಮೌನ. ಬಹುಶಃ ಅವರ ಮನೆಯಲ್ಲಿ ಮಗು ಆಗಷ್ಟೇ ಮಲಗಿತ್ತು.

ಪ್ರಮಾಣವಿಚಾರ: ಮೀಮಾಂಸಕರ ಆರೂ ಪ್ರಮಾಣಗಳು ಇಲ್ಲಿ ಅನ್ವಯಿಸುತ್ತವೆ.

ಪ್ರತ್ಯಕ್ಷ: ನಡುರಾತ್ರಿ ಕಣ್ಣು ಬಿಟ್ಟರೆ ಮೂಗಿನ ಮೇಲೊಂದು ಪುಟ್ಟ ಪಾದ. ಬೇರೆ ಸಾಕ್ಷಿ ಬೇಡ.

ಅನುಮಾನ: ಹೊಗೆಯಿದ್ದಲ್ಲಿ ಬೆಂಕಿ ಎಂದರು ತಾರ್ಕಿಕರು. ಸದ್ದಿಲ್ಲದಲ್ಲಿ ರಾಗಿಹಿಟ್ಟಿನ ಡಬ್ಬಿ ಎಂಬುದು ತಾಯಂದಿರ ವ್ಯಾಪ್ತಿಜ್ಞಾನ. ಅಪವಾದ ಈವರೆಗೆ ದೊರೆತಿಲ್ಲ.

ಉಪಮಾನ: “ಪಕ್ಕದ ಮನೆ ಹುಡುಗ ನೋಡು, ತಾನೇ ಮುದ್ದೆ ನುಂಗ್ತಾನೆ.” ಪಕ್ಕದ ಮನೆಯವರೂ ನಮ್ಮವನನ್ನು ತೋರಿಸಿ ಇದನ್ನೇ ಹೇಳುತ್ತಾರೆಂದು ತಿಳಿದ ದಿನ ಈ ಪ್ರಮಾಣ ಬಿದ್ದುಹೋಗುತ್ತದೆ.

ಶಬ್ದ: ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡವೆಂದು ಡಾಕ್ಟರು, ಬಜೆ ತೇಯ್ದು ನೆಕ್ಕಿಸೆಂದು ಅತ್ತೆ. ಇಬ್ಬರೂ ಆಪ್ತರೇ. ಆಪ್ತವಾಕ್ಯಗಳು ಡಿಕ್ಕಿಯಾದಾಗ ಅಪ್ಪನಾದವನು ಅಂಗಡಿಗೆ ಹೊರಡುವುದು ಸಂಪ್ರದಾಯ.

ಅರ್ಥಾಪತ್ತಿ: ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎನ್ನುತ್ತದೆ ಶಾಸ್ತ್ರ. ನಮ್ಮ ದೇವದತ್ತ ಹಗಲೂ ಉಣ್ಣ, ರಾತ್ರಿಯೂ ಉಣ್ಣ. ಆದರೂ ಓಡುತ್ತಲೇ ಇರುತ್ತಾನೆ. ಗೋಡೆಯ ಸುಣ್ಣ ಎಲ್ಲಿ ಹೋಯಿತೆಂಬುದು ಇದರಿಂದ ಸಿದ್ಧ.

ಅನುಪಲಬ್ಧಿ: ಒಂಟಿ ಚಪ್ಪಲಿಯ ಜೋಡಿ, ಬೀರುವಿನ ಕೀಲಿ, ಹೆತ್ತವರ ನಿದ್ದೆ.

ಪೂರ್ವಪಕ್ಷ: “ನಾವು ಎಂಟು ಹೆತ್ತು ಸಾಕಲಿಲ್ವಾ? ನಿಮಗೆ ಒಂದಕ್ಕೇ ಇಷ್ಟು ಗೋಳಾ?”

ಖಂಡನೆ: ಹೆತ್ತಿರಿ, ನಿಜ. ಏಳನೆಯದನ್ನೂ ಎಂಟನೆಯದನ್ನೂ ಸೊಂಟದ ಮೇಲೆ ಹೊತ್ತು ತಿರುಗಿದ್ದು ದೊಡ್ಡ ಮಗಳು. ಅವಳು ಶಾಲೆ ಬಿಟ್ಟದ್ದು ಯಾವ ತರಗತಿಯಲ್ಲೆಂದು ಅವಳನ್ನೇ ಕೇಳಬೇಕು.

ದೃಷ್ಟಾಂತ: ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಹೆತ್ತವರ ತಾಳ್ಮೆ ಹೊತ್ತುಹೊತ್ತಿನ ಊಟಕ್ಕೂ ಕೋಡಿ ಬೀಳುತ್ತದೆ. ಕಟ್ಟೆ ಮಾತ್ರ ಒಡೆಯದು.

ಸಿದ್ಧಾಂತ: ಮಗುವನ್ನು ದೇವರಲ್ಲಿ ಬೇಡಬಹುದು, ಸಾಕುವುದಕ್ಕೆ ಮನುಷ್ಯರ ಕೈಗಳೇ ಬೇಕು, ಎರಡು ಸಾಲವು. ಆದಕಾರಣ ಓದುಗರಲ್ಲಿ ವಿನಂತಿ: ಬಾಣಂತಿಯ ಮನೆಗೆ ಹೋದಾಗ ಮಗು ಯಾರ ಹಾಗಿದೆಯೆಂದು ತೀರ್ಪು ಕೊಡುವ ಮುಂಚೆ ಅದನ್ನು ಒಂದು ಗಂಟೆ ಎತ್ತಿಕೊಳ್ಳಿ. ಅವಳು ಮಲಗಲಿ.