ಅಡಕತ್ತರಿ ಪ್ರಕರಣ

ಮಧ್ಯಾಹ್ನ ಊಟಕ್ಕೆ ಕೂತಾಗ ಶಾಲೆಯಿಂದ ಫೋನು. ‘ನಿಮ್ಮ ಮಗನ ಬ್ಯಾಗಿನಲ್ಲಿ ಆಯುಧ ಸಿಕ್ಕಿದೆ, ಕೂಡಲೇ ಬನ್ನಿ.’

ಆಯುಧ ಎಂದರೆ ರಾಯಚೂರಿನವನ ತಲೆ ನೇರ ಕೋಟೆಗೇ ಹೋಗುತ್ತದೆ. ನನ್ನ ಸ್ಕೂಟರೂ ಆ ಕಲ್ಲುಗೋಡೆಯ ಮಗ್ಗುಲಲ್ಲೇ ಹೋಗಬೇಕಿತ್ತು. 1520ರಲ್ಲಿ ಕೃಷ್ಣದೇವರಾಯ ಆದಿಲ್‌ಶಾಹನಿಂದ ಈ ಕೋಟೆ ಕಿತ್ತುಕೊಂಡಾಗ, ಪೋರ್ಚುಗೀಸ್ ಬಂದೂಕಿನವರು ಕೆಳಗೆ ನಿಂತು ಗೋಡೆಯ ಮೇಲಿದ್ದವರಿಗೆ ಗುರಿ ಇಟ್ಟಿದ್ದರು. ಕೃಷ್ಣೆ–ತುಂಗಭದ್ರೆಯರ ನಡುವಿನ ಈ ನೆಲಕ್ಕಾಗಿ ತಲೆತಲಾಂತರ ಕತ್ತಿ ಹಿರಿದವರ ಊರಿನಲ್ಲಿ ಆರನೇ ಕ್ಲಾಸಿನ ನನ್ನ ಮಗ ಯಾವ ತೋಪು ಎಳೆದುಕೊಂಡು ಹೋದನಪ್ಪಾ ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

ಮೇಜಿನ ಮೇಲೆ, ಪಂಚನಾಮೆಗೆ ಇಟ್ಟಂತೆ ಪ್ಲಾಸ್ಟಿಕ್ ಚೀಲದಲ್ಲಿ, ನಮ್ಮವ್ವನ ಅಡಕತ್ತರಿ ಇತ್ತು.

‘ಯಾಕ ತಂದ್ಯೋ?’ ಎಂದೆ. ಅಲ್ಲಿಯವರೆಗೆ ಅದನ್ನು ಯಾರೂ ಕೇಳಿರಲಿಲ್ಲವಂತೆ.

‘ಗ್ರೌಂಡಿನ್ಯಾಗ ಬಾದಾಮಿ ಗಿಡ ಐತಲ್ಲಪಾ. ಕಲ್ಲಿಲೆ ಕುಟ್ಟಿದ್ರ ಒಳಗಿನ ಬೀಜ ಪುಡಿ ಆಗ್ತೈತಿ.’

ಕಾರಣ ಪಕ್ಕಾ ಇತ್ತು. ಆದರೆ ಚೂಪಾದದ್ದು ಏನನ್ನೂ ತರುವಂತಿಲ್ಲ, ದಸರಾ ರಜೆಯವರೆಗೆ ಅದು ಬೀರುವಿನಲ್ಲೇ ಇರುತ್ತದೆ ಎಂದರು. ಮನೆಗೆ ಬಂದರೆ ಅವ್ವ ಎಲಿ ಚಂಚಿ ಬಿಚ್ಚಿಕೊಂಡು ಕೂತಿದ್ದಳು. ‘ನನ್ನ ಅಡಕತ್ರಿ ತಂದ್ಯಾ? ಇಲ್ಲಂದ್ರ ಆ ಹೆಡ್‌ಮಾಸ್ತರನ್ನ ಕರಕೊಂಡ್ ಬಾ.’ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಎಂಬ ಮಾತಿನ ಅರ್ಥ ನನಗೆ ಪೂರ್ತಿ ತಿಳಿದದ್ದು ಅವತ್ತು.

ಅವ್ವನ ಪರ ವಕಾಲತ್ತು ಮಾಡೋಣವೆಂದು 1959ರ ಆಯುಧ ಕಾಯ್ದೆ ತೆಗೆದು ನೋಡಿದೆ. ಮನೆಗೆಲಸಕ್ಕೆ, ಒಕ್ಕಲುತನಕ್ಕೆ ಎಂದೇ ಮಾಡಿದ ಸಾಮಾನು ಆಯುಧವಲ್ಲ ಎಂದು ಅದೇ ಹೇಳುತ್ತದೆ. ಲಾಠಿಯೂ ಆಯುಧವಲ್ಲವಂತೆ! ಇದನ್ನು ಓದಿ ನಮ್ಮ ದೇವದುರ್ಗದ ಶಾಲೆಯ ಮಾಸ್ತರರ ಬೆತ್ತ ನೆನಪಾಗಿ ಅಂಗೈ ಚುರ್ ಎಂದಿತು. ಅದನ್ನು ಕಸಿದುಕೊಳ್ಳಲು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಬರಬೇಕಾಯಿತು. ಅಷ್ಟರಲ್ಲಿ ನಾವು ಶಾಲೆ ಮುಗಿಸಿ, ಮದುವೆಯೂ ಆಗಿತ್ತು.

ಆ ಶಾಲೆಯಲ್ಲಿ ನಮ್ಮೆಲ್ಲರ ಬಳಿ ಅರ್ಧ ಬ್ಲೇಡು ಇರುತ್ತಿತ್ತು, ಪೆನ್ಸಿಲ್ ಕೆತ್ತಲು. ಕಾಲಿಗೆ ಜಾಲಿಮುಳ್ಳು ಮುರಿದರೆ ತೆಗೆಯಲು ಉಡದಾರಕ್ಕೊಂದು ಪಿನ್ನು. ಬುಗುರಿಗೆ ಮೊಳೆ. ಇವತ್ತಿನ ಲೆಕ್ಕದಲ್ಲಿ ಅದೊಂದು ಶಸ್ತ್ರಾಗಾರ. ಏನೂ ಆಗುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಪಕ್ಕದವನು ಕೈವಾರದ ಮೊನೆಯಿಂದ ತೊಡೆಗೆ ಚುಚ್ಚಿದ ಕಲೆ ನನಗಿನ್ನೂ ಇದೆ. ಮಜಾ ಎಂದರೆ ಆ ಕೈವಾರವನ್ನು ಮಾತ್ರ ಶಾಲೆಯವರೇ ಪಟ್ಟಿ ಕೊಟ್ಟು ತರಿಸುತ್ತಾರೆ.

ಈ ಹೆದರಿಕೆ ನಮ್ಮದಷ್ಟೇ ಅಲ್ಲ. ಅಮೆರಿಕದ ಮೇರಿಲ್ಯಾಂಡಿನಲ್ಲಿ 2013ರಲ್ಲಿ ಏಳು ವರ್ಷದ ಹುಡುಗನೊಬ್ಬ ತಿಂಡಿಯನ್ನು ಪಿಸ್ತೂಲಿನ ಆಕಾರಕ್ಕೆ ಕಚ್ಚಿದನೆಂದು ಶಾಲೆಯಿಂದ ಎರಡು ದಿನ ಹೊರಗಿಟ್ಟರು. ನಮ್ಮ ಕಟಕ್ ರೊಟ್ಟಿಯನ್ನು ಅವರು ನೋಡಿಲ್ಲ. ಮುರಿದ ಕಡೆಯೆಲ್ಲ ಒಂದೊಂದು ಕೊಡಲಿ. 2015ರಲ್ಲಿ ಟೆಕ್ಸಾಸಿನ ಹದಿನಾಲ್ಕರ ಹುಡುಗ ತಾನೇ ಮಾಡಿದ ಗಡಿಯಾರ ತಂದು ತೋರಿಸಿದರೆ, ಬಾಂಬಿನ ಹಾಗಿದೆ ಎಂದು ಪೊಲೀಸರು ಕೈಗೆ ಕೋಳ ಹಾಕಿದರು. ಆಮೇಲೆ ಅಧ್ಯಕ್ಷ ಒಬಾಮಾ ಅವನನ್ನು ಶ್ವೇತಭವನಕ್ಕೇ ಕರೆದರು. ನಮ್ಮವನನ್ನು ವಿಧಾನಸೌಧಕ್ಕೆ ಯಾರೂ ಕರೆಯಲಿಲ್ಲ. ಅಮೆರಿಕದಲ್ಲಿ ಮಕ್ಕಳ ಕೈಗೂ ನಿಜವಾದ ಬಂದೂಕು ಸಿಗುತ್ತದೆ, ಹಾವು ಕಂಡವರು ಹಗ್ಗಕ್ಕೆ ಬೆಚ್ಚುತ್ತಾರೆ ಅನ್ನೋಣ. ನಮ್ಮ ಸಿಟಿಯ ಶಾಲೆ ಯಾವ ಹಾವು ಕಂಡಿತ್ತೋ.

ಮಾನ್ವಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನನ್ನ ಗೆಳೆಯ ಮಾಸ್ತರ. ತುಂಗಭದ್ರೆಯ ಎಡದಂಡೆ ಕಾಲುವೆಯ ಕೊನೆಯ ಕಡೆ, ನೀರು ಬಂದರೆ ಭತ್ತ, ಇಲ್ಲದಿದ್ದರೆ ದೇವರ ದಯೆ. ಒಂದು ದಿನ ಏಳನೇ ಕ್ಲಾಸಿನ ಹುಡುಗಿಯ ಚೀಲದಲ್ಲಿ ಕುಡುಗೋಲು ಕಂಡು ಇವನೂ ಬೆಚ್ಚಿದನಂತೆ. ಕೇಳಿದ್ದಕ್ಕೆ, ‘ಸಾಲಿ ಬಿಟ್ಟ ಮ್ಯಾಲ ಎಮ್ಮಿಗೆ ಹುಲ್ಲು ತರಬೇಕ್ರೀ ಸರ. ಮನಿಗೆ ಹೋಗಿ ಬಂದ್ರ ಕತ್ತಲಾಗ್ತೈತ್ರಿ’ ಎಂದಳು. ಮರುದಿನದಿಂದ ಅದು ಆಫೀಸ್ ರೂಮಿನ ಮೊಳೆಗೆ ತೂಗಾಡತೊಡಗಿತು. ಬೆಳಿಗ್ಗೆ ಅವಳೇ ಸಿಕ್ಕಿಸುತ್ತಾಳೆ, ಸಂಜೆ ಅವಳೇ ತೆಗೆದುಕೊಳ್ಳುತ್ತಾಳೆ. ‘ಈಗ ಮೂರು ಮೊಳಿ ಬಡದೀನಿ ನೋಡು’ ಎಂದ. ಎಮ್ಮೆಯ ಹೊಟ್ಟೆ ಆ ಹುಡುಗಿಯ ತಲೆಯ ಮೇಲೆ ಏಕಿರಬೇಕು ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ.

ದಸರಾ ರಜೆಯ ಹಿಂದಿನ ದಿನ ಶಾಲೆಗೆ ಹೋದೆ. ಪೂಜೆಗೆಂದು ಬೀರು ತೆರೆದಿದ್ದರು. ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ಬನ್ನಿಮರಕ್ಕೆ ಕಟ್ಟಿದ ಗಂಟಿನ ಹಾಗೆ ಒಳಗೆ ಕತ್ತರಿ, ಬುಗುರಿ, ನೀರಿನ ಪಿಸ್ತೂಲು, ಯಾರದೋ ತಂದೆಯ ಸ್ಕ್ರೂಡ್ರೈವರು. ನಾಲ್ಕು ತಿಂಗಳು ಆಯುಧವೆಂದು ಬೈಸಿಕೊಂಡವಕ್ಕೆ ಈಗ ಅರಿಷಿಣ, ಕುಂಕುಮ, ಚೆಂಡು ಹೂವು. ಸಹಿ ಮಾಡಿ ಅಡಕತ್ತರಿ ಬಿಡಿಸಿಕೊಂಡು ಬಂದೆ.

ಅವ್ವ ಸೆರಗಿನಿಂದ ಒರೆಸಿ, ಅಡಿಕೆ ಇಟ್ಟು ಒತ್ತಿದಳು. ಅಡಿಕೆ ಜಾರಿ ಮಂಚದ ಕೆಳಗೆ ಹೋಯಿತು.

‘ಪೂಜಿ ಮಾಡ್ಯಾರ, ಸರಿ. ಇಷ್ಟು ದಿನ ಇಟ್ಕೊಂಡಿದ್ರಲ್ಲ, ಒಂದೀಟು ಸಾಣಿ ಹಿಡಿಸಬಾರದಿತ್ತೇನು?’