ಫ್ರಿಜ್ಜಿನಲ್ಲಿ ಜಪಾನು

ನಿವೃತ್ತಿಯಾದ ಮೇಲೆ ಹೊಸ ವಿದ್ಯೆ ಕಲಿಯಬೇಕೆನ್ನುವವರಿಗೆ ಘೋಡಬಂದರ್ ರಸ್ತೆಯಂಥ ಜಾಗ ಇನ್ನೊಂದಿಲ್ಲ. ಕಾಸಾರವಡವಲಿಯಿಂದ ಠಾಣೆ ಸ್ಟೇಷನ್ ಮುಟ್ಟುವಷ್ಟರಲ್ಲಿ, ಬಸ್ಸಿನಲ್ಲಿ ಕೂತೇ, ಯಾವ ಕಲೆಯದಾದರೂ ಪೂರ್ತಿ ವಿಡಿಯೊ ಪಾಠ ಮುಗಿಯುತ್ತದೆ. ನಾನು ಹಾಗೆ ಮುಗಿಸಿದ್ದು ಜಪಾನಿನ ಮೊಕುಹಂಗ. ಮರದಲ್ಲಿ ಚಿತ್ರ ಕೆತ್ತಿ, ನೀರಿನ ಬಣ್ಣ ಹಚ್ಚಿ, ಯಂತ್ರದ ಹಂಗಿಲ್ಲದೆ ಕೈಯಲ್ಲೇ ಕಾಗದಕ್ಕೆ ಒತ್ತುವ ಕಲೆ. ಅಲ್ಲಿನ ಚಿತ್ರಕಾರ ಹೊಕುಸಾಯ್ 'ಮಹಾ ಅಲೆ' ಚಿತ್ರವನ್ನು ಬರೆದದ್ದು 1831ರ ಸುಮಾರಿಗೆ, ಎಪ್ಪತ್ತರ ಹೊಸ್ತಿಲಲ್ಲಿ. ನನಗೆ ಅರವತ್ತೊಂದು. ಒಂಬತ್ತು ವರ್ಷ ಕೈಯಲ್ಲಿದೆ ಎಂದು ಲೆಕ್ಕ ಹಾಕಿದೆ. ಬ್ಯಾಂಕಿನಲ್ಲಿದ್ದವನು, ನನಗೆ ಬರುವುದು ಅದೊಂದೇ.

ಹೊಕುಸಾಯ್ ಬರೆದುಕೊಟ್ಟು ಕೈತೊಳೆದುಕೊಂಡ. ಕೆತ್ತುವವನು ಬೇರೆ, ಒತ್ತುವವನು ಬೇರೆ, ದುಡ್ಡು ಹಾಕಿದ ಪ್ರಕಾಶಕ ನಿಶಿಮುರಾಯ ಯೊಹಾಚಿ ಇನ್ನೂ ಬೇರೆ. ನಾನು ಈ ನಾಲ್ಕೂ ಅವತಾರಗಳನ್ನು ಒಬ್ಬನೇ ಎತ್ತುವುದೆಂದು ನಿಶ್ಚಯಿಸಿದೆ.

ಅಲ್ಲಿ ಕಾಡು ಚೆರ್ರಿಯ ಹಲಗೆ. ನನ್ನದು ಪ್ಲೈವುಡ್. ಚಿತ್ರ, ನಮ್ಮ ಬಾಲ್ಕನಿಯಿಂದ ಎರಡು ಟವರುಗಳ ಸಂದಿಯಲ್ಲಿ ಅಂಗೈಯಗಲ ಕಾಣುವ ಯೇವೂರು ಗುಡ್ಡ. ಬಣ್ಣಕ್ಕೊಂದು ಹಲಗೆ ಬೇಕು. ಗೆರೆಗೊಂದು, ಹಸಿರಿಗೊಂದು, ನೀಲಿಗೊಂದು. ತಿಂಗಳುಗಟ್ಟಲೆ ಕುಟ್ಟಿದೆ. ಕೆಳಗೆ ಮೆಟ್ರೋ ಕೆಲಸ ನಡೆದಿದ್ದರಿಂದ ಸೊಸೈಟಿಯವರು ನನ್ನ ಉಳಿಯ ಸದ್ದನ್ನೂ ಅದರ ಲೆಕ್ಕಕ್ಕೇ ಬರೆದುಕೊಂಡರು.

ಮೊಕುಹಂಗಕ್ಕೆ ಕಾಗದ ಹದವಾಗಿ ತೊಯ್ದಿರಬೇಕು. ಜುಲೈ ತಿಂಗಳ ಠಾಣೆಯಲ್ಲಿ ಅದಕ್ಕೆ ಖರ್ಚಿಲ್ಲ. ಆದರೆ ತೊಯ್ದ ಕಾಗದಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ. ಬಲ್ಲವರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡುತ್ತಾರೆ. ನಾನೂ ಇಟ್ಟೆ.

"ಇದೇನ್ರೀ, ದ್ವಾಸಿ ಹಿಟ್ಟಿನ ಬಾಜೂ ತೊಯ್ದ ಕಾಗದ?" ಹೆಂಡತಿಯ ಧಾರವಾಡದ ದನಿ ಅಡುಗೆಮನೆಯಿಂದ ಬಂತು.

"ಹೊರಗಿಟ್ಟರೆ ಬೂಷ್ಟು ಹಿಡೀತದ."

"ಹಂಗಾರ ನೀವೂ ಒಳಗ ಕೂಡ್ರಿ. ರಿಟೈರ್ ಆದಾಗಿಂದ ನಿಮಗೂ ಹಿಡದೈತಿ."

ಬಣ್ಣ ಹಲಗೆಯ ಮೇಲೆ ಸಮನಾಗಿ ಕೂರಲು ಅಕ್ಕಿ ಹಿಟ್ಟಿನ ಅಂಟು ಬೆರೆಸಬೇಕು. ನನ್ನ ಅಂಟು ಗಂಟುಗಂಟಾಗಿ ಉಪ್ಪಿಟ್ಟಿನಂತಾಯಿತು. ಕಾಗದದ ಬೆನ್ನನ್ನು ಉಜ್ಜಲು ಬಾರೆನ್ ಎಂಬ ಬಿದಿರಿನ ಪೊರೆ ಹೊದಿಸಿದ ಬಿಲ್ಲೆ ಇರುತ್ತದೆ. ಅದರ ಬೆಲೆ ನೋಡಿ ಸ್ಟೀಲ್ ಬಟ್ಟಲು ಹಿಡಿದೆ. ಮೊದಲ ಕಾಗದ ಹರಿಯಿತು. ಎರಡನೆಯದರಲ್ಲಿ ಗುಡ್ಡದ ಹಸಿರು ಟವರಿನ ಹದಿನಾಲ್ಕನೇ ಮಹಡಿಗೆ ಏರಿತು. ಕಾಗದ ಪ್ರತಿಸಲವೂ ಅದೇ ಜಾಗಕ್ಕೆ ಕೂರಲೆಂದು ಹಲಗೆಯಲ್ಲಿ ಮೂಲೆಗೊಂದು, ಅಂಚಿಗೊಂದು ಕಚ್ಚು ಕೊರೆದಿರುತ್ತಾರೆ, 'ಕೆಂತೊ' ಅಂತ. ನನ್ನ ಮೂರು ಹಲಗೆಯ ಕೆಂತೊಗಳಿಗೆ ಪರಸ್ಪರ ಪರಿಚಯವೇ ಇರಲಿಲ್ಲ.

"ಸರೀರಿ ಈಕಡೆ," ಎಂದಳು. ಸೀರೆಗೆ ಗಂಜಿ ಹಾಕಿದ ಅನುಭವ. ಅಂಟು ಎರಡೇ ನಿಮಿಷಕ್ಕೆ ಹದಕ್ಕೆ ಬಂತು. ಕಚ್ಚುಗಳನ್ನು ಅಳೆದು ನನ್ನಿಂದಲೇ ತಿದ್ದಿಸಿದಳು. ಜೋಳದ ರೊಟ್ಟಿಯನ್ನು ಹಂಚಿಗೆ ಹಾಕುವ ಹಾಗೆ ಕಾಗದವನ್ನು ಎರಡೂ ಕೈಯಲ್ಲೆತ್ತಿ, ಮೂಲೆಗೆ ತಾಗಿಸಿ ಇಳಿಬಿಟ್ಟಳು. ಆಮೇಲೆ ಅಂಗೈ ಸುತ್ತ ಸುತ್ತ ಆಡಿತು. ಮೂವತ್ತು ವರ್ಷ ರೊಟ್ಟಿ ಬಡಿದ ಕೈ. ಎಲ್ಲಿ ಭಾರ ಬಿಡಬೇಕು, ಎಲ್ಲಿ ಬಿಡಬಾರದು ಎಂದು ಅದಕ್ಕೆ ಯಾವ ವಿಡಿಯೊ ಹೇಳಬೇಕಿತ್ತು?

ಮೂರು ಹಲಗೆ ಮುಗಿದು ಕಾಗದ ಎತ್ತಿದರೆ, ಗೆರೆ ಗೆರೆಗೆ ಬಣ್ಣ ಕೂತಿತ್ತು. ಯೇವೂರು ಗುಡ್ಡದ ಎಡಬಲದ ಟವರುಗಳು ಮಾತ್ರ ಜಾಗ ಅದಲುಬದಲು ಮಾಡಿಕೊಂಡಿದ್ದವು. ಜಪಾನಿನವರು ಚಿತ್ರವನ್ನು ಮುಖ ಕೆಳಗಾಗಿ ಹಲಗೆಗೆ ಅಂಟಿಸಿಯೇ ಕೆತ್ತುತ್ತಾರೆ. ಅಲ್ಲಿ ತಿರುವುಮುರುವಾದದ್ದು ಒತ್ತಿದಾಗ ನೆಟ್ಟಗಾಗುತ್ತದೆ. ವಿಡಿಯೊದಲ್ಲಿ ಆ ಭಾಗ ಬಂದಾಗ ನನ್ನ ಸ್ಟಾಪೂ ಬಂದಿತ್ತು. ಮೂಲೆಯಲ್ಲಿ ಎರಡು ದಿನ ಕೂತು ಅಂದವಾಗಿ ಕೆತ್ತಿದ ನನ್ನ ಹೆಸರು ಹಿಂದುಮುಂದಾಗಿ ನಿಂತಿತ್ತು.

ಅವಳು ಕನ್ನಡಕ ಏರಿಸಿ ಅದನ್ನೇ ನೋಡಿದಳು.

"ಚಲೋನ ಆತು ಬಿಡ್ರಿ. ಯಾರು ಕೆತ್ತಿದ್ದಂತ ಯಾರಿಗೂ ಗೊತ್ತಾಗೂದಿಲ್ಲ."